ಕಾಂಗ್ಡಾ ಕಣಿವೆಯಿಂದ ಉಪ್ಪಿನ ಪೊಟ್ಟಣದವರೆಗೆ

ಇಂದು ಅಂಗಡಿಯಲ್ಲಿ ಅಯೋಡಿನ್ ಬೆರೆತ ಉಪ್ಪು ಸಲೀಸಾಗಿ ಸಿಗುವುದರ ಹಿಂದೆ ಸ್ವತಂತ್ರ ಭಾರತದ ಅಪರೂಪದ ಪ್ರಯೋಗವೊಂದಿದೆ. 1956ರಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಅಯೋಡಿನ್ ಕೊರತೆಯಿಂದ ಕತ್ತು ಊದುವ ಗಳಗಂಡ ರೋಗ ಬೇರೂರಿದ್ದ ಹಿಮಾಲಯದ ಕಾಂಗ್ಡಾ ಕಣಿವೆಯನ್ನು ಮೂರು ವಲಯಗಳಾಗಿ ವಿಂಗಡಿಸಿದರು. ಒಂದಕ್ಕೆ ಪೊಟ್ಯಾಸಿಯಂ ಅಯೋಡೈಡ್, ಇನ್ನೊಂದಕ್ಕೆ ಪೊಟ್ಯಾಸಿಯಂ ಅಯೋಡೇಟ್ ಬೆರೆಸಿದ ಉಪ್ಪು ಹೋಯಿತು. ಮೂರನೆಯದಕ್ಕೆ ಬರಿಯ ಉಪ್ಪು. 1962ರ ಹೊತ್ತಿಗೆ ಮೊದಲೆರಡು ವಲಯಗಳ ಮಕ್ಕಳಲ್ಲಿ ಗಳಗಂಡ ಸುಮಾರು ಅರ್ಧಕ್ಕಿಳಿದಿತ್ತು, ಮೂರನೆಯದರಲ್ಲಿ ಇಳಿದಿರಲಿಲ್ಲ. ಬಳಿಕ ಅಲ್ಲಿಗೂ ಅಯೋಡಿನ್ ಉಪ್ಪು ತಲುಪಿತು, ರೋಗ ಅಲ್ಲೂ ಹಿಮ್ಮೆಟ್ಟಿತು. 1962ರಲ್ಲೇ ಕೇಂದ್ರ ಸರ್ಕಾರ ಗಳಗಂಡ ನಿಯಂತ್ರಣ ಕಾರ್ಯಕ್ರಮ ಆರಂಭಿಸಿತು.

ಆದರೂ ಎಲ್ಲರಿಗೂ ಅಯೋಡಿನ್ ಉಪ್ಪು ಎಂಬ ನಿರ್ಧಾರಕ್ಕೆ ಮತ್ತೆ ಎರಡು ದಶಕ ಹಿಡಿಯಿತು. ಕತ್ತಿನ ಊತ ಕಣ್ಣಿಗೆ ಬೀಳುತ್ತದೆ. ಗರ್ಭದಲ್ಲೇ ಅಯೋಡಿನ್ ಸಾಲದೆ ಮಗುವಿನ ಮಿದುಳು ಸೊರಗಿದ್ದು ಕಣ್ಣಿಗೆ ಬೀಳುವುದಿಲ್ಲ. ಆ ನಷ್ಟವನ್ನು ಅಳೆಯಲು ಅರ್ಥಶಾಸ್ತ್ರಜ್ಞರೂ ಕೈಜೋಡಿಸಿದರು. ಅಮೆರಿಕದಲ್ಲಿ 1924ರಲ್ಲಿ ಅಯೋಡಿನ್ ಉಪ್ಪು ಮಾರುಕಟ್ಟೆಗೆ ಬಂತು. ಅರ್ಥಶಾಸ್ತ್ರಜ್ಞ ಜೇಮ್ಸ್ ಫೇರರ್ ಮತ್ತು ಸಹಲೇಖಕರು ಎರಡನೇ ಮಹಾಯುದ್ಧದ ಸೇನಾ ಭರ್ತಿ ದಾಖಲೆಗಳನ್ನು ಕೆದಕಿದಾಗ, ಅಯೋಡಿನ್ ಕೊರತೆಯ ಪ್ರದೇಶಗಳಲ್ಲಿ ಅದಾದ ಮೇಲೆ ಹುಟ್ಟಿದವರು, ಹೆಚ್ಚು ಅಂಕ ಬೇಡುತ್ತಿದ್ದ ವಾಯುಪಡೆಗೆ ಹೆಚ್ಚಾಗಿ ಆಯ್ಕೆಯಾಗಿದ್ದು ಕಂಡಿತು. ಕೊರತೆ ತೀವ್ರವಾಗಿದ್ದ ಕಾಲುಭಾಗ ಜನರ ಬುದ್ಧಿಮತ್ತೆ ಸುಮಾರು 15 ಅಂಕ ಏರಿತೆಂಬುದು ಅವರ ಅಂದಾಜು. ವೈದ್ಯರು ರೋಗವೆಂದು ಕಂಡದ್ದು ಇಲ್ಲಿ ಕಲಿಕೆಯ, ದುಡಿಮೆಯ ಪ್ರಶ್ನೆಯಾಯಿತು.

ಹಾಗಾದರೆ ಯಾವ ಉಪ್ಪು ತಿನ್ನಬೇಕೆಂದು ಸರ್ಕಾರ ಹೇಳಬಹುದೇ? ಅಯೋಡಿನ್ ಇಲ್ಲದ ಉಪ್ಪಿನ ಮಾರಾಟದ ಮೇಲಿದ್ದ ನಿಷೇಧವನ್ನು ಕೇಂದ್ರವು ಜನರ ಆಯ್ಕೆಯ ಹೆಸರಿನಲ್ಲೇ 2000ದಲ್ಲಿ ತೆರವುಗೊಳಿಸಿತು, 2006ರಲ್ಲಿ ಅದನ್ನು ಮತ್ತೆ ಜಾರಿಗೆ ತಂದಿತು. ಆಯ್ಕೆಯ ವಾದ ಹಗುರವಾದುದಲ್ಲ. ಆದರೆ ಉಪ್ಪನ್ನು ನೋಡಿ ಅಯೋಡಿನ್ ಇದೆಯೋ ಇಲ್ಲವೋ ಹೇಳಲಾಗದು, ಇನ್ನೂ ಹುಟ್ಟದ ಮಗುವಿಗಂತೂ ಆಯ್ಕೆಯೇ ಇಲ್ಲ. ಅಡ್ಡಪರಿಣಾಮದ ಆಕ್ಷೇಪ ಇದಕ್ಕಿಂತ ಗಟ್ಟಿ: ಅಮೆರಿಕದಲ್ಲಿ ಆರಂಭದ ವರ್ಷಗಳಲ್ಲಿ, ದೀರ್ಘಕಾಲ ಕೊರತೆ ಅನುಭವಿಸಿದ್ದ ಹಿರಿಯರಲ್ಲಿ ಥೈರಾಯ್ಡ್ ಸಂಬಂಧಿ ಸಾವು ಹೆಚ್ಚಿದ್ದನ್ನು ಅದೇ ಸಂಶೋಧಕರು ದಾಖಲಿಸಿದ್ದಾರೆ. ಇದು ಕಾರ್ಯಕ್ರಮ ಕೈಬಿಡಲು ಕಾರಣವಲ್ಲ, ಪ್ರಮಾಣವನ್ನು ಬಿಗಿಯಾಗಿ ಕಾಯಲು ಕಾರಣ. ಗೋಕರ್ಣ ಬಳಿಯ ಸಾಣಿಕಟ್ಟಾದಂಥ ಕಡೆ ಉಪ್ಪು ತೆಗೆಯುವ ಸಣ್ಣವರಿಗೆ ಅಯೋಡಿನ್ ಬೆರೆಸುವ ಖರ್ಚು ಹೊರೆಯಾದರೆ, ಅದನ್ನು ಸರ್ಕಾರ ಹೊರುವುದೇ ನ್ಯಾಯ.

ಮಾರಾಟದ ಹಂತದಲ್ಲಿ ಹತ್ತು ಲಕ್ಷಕ್ಕೆ ಕನಿಷ್ಠ 15 ಭಾಗ ಅಯೋಡಿನ್ ಇರಬೇಕೆಂಬುದು ನಿಯಮ. ಊರಿನ ಕಿರಾಣಿ ಅಂಗಡಿಗಳ ಉಪ್ಪನ್ನು ಪ್ರತಿವರ್ಷ ಪರೀಕ್ಷಿಸಿ, ಫಲಿತಾಂಶವನ್ನು ಗ್ರಾಮಸಭೆಯಲ್ಲಿ ಓದಿ ಹೇಳುವಂತೆ ನಾವು ಒತ್ತಾಯಿಸಬೇಕು.