ಹಿಂಬದಿ ಶಾಕ್ ಅಬ್ಸಾರ್ಬರ್: ದುರಸ್ತಿಯೋ, ಬದಲಾವಣೆಯೋ?

ವಿಜಯನಗರ ಜಿಲ್ಲೆ ಹರಪನಹಳ್ಳಿ ತಾಲ್ಲೂಕಿನ ಚಿಗಟೇರಿಯಂತಹ ಹೋಬಳಿ ಕೇಂದ್ರಗಳಲ್ಲಿ ಮೋಟಾರ್ ಸೈಕಲ್ ಕೇವಲ ಸವಾರಿಯ ವಾಹನವಲ್ಲ. ಹಾಲಿನ ಕ್ಯಾನು, ಗೊಬ್ಬರದ ಚೀಲ, ಮೇವಿನ ಹೊರೆಗಳೂ ಅದರ ಮೇಲೆಯೇ ಸಾಗುತ್ತವೆ. ಈ ಭಾರವನ್ನೂ ಹೊಲದ ದಾರಿಯ ಪೆಟ್ಟನ್ನೂ ತಾಳಬೇಕಾದುದು ಹಿಂಬದಿಯ ಜೋಡಿ ಶಾಕ್ ಅಬ್ಸಾರ್ಬರ್. ಅದು ಎಣ್ಣೆ ಸೋರತೊಡಗಿದಾಗ ಗ್ರಾಹಕರು ಕೇಳುವ ಪ್ರಶ್ನೆ ಒಂದೇ: ರಿಪೇರಿ ಆಗುತ್ತದೆಯೋ, ಹೊಸದೇ ಹಾಕಬೇಕೋ? ಇದಕ್ಕೆ ನೀಡುವ ಉತ್ತರದಲ್ಲಿ ಸವಾರನ ಸುರಕ್ಷತೆಯೂ ನಮ್ಮ ವ್ಯಾಪಾರದ ವಿಶ್ವಾಸಾರ್ಹತೆಯೂ ಅಡಗಿವೆ.

ಸ್ಪ್ರಿಂಗ್ ಭಾರವನ್ನು ಹೊರುತ್ತದೆ. ಒಳಗಿನ ಡ್ಯಾಂಪರ್ ಅದರ ಪುಟಿತವನ್ನು ಅಡಗಿಸುತ್ತದೆ. ಪಿಸ್ಟನ್ನಿನ ಸಣ್ಣ ರಂಧ್ರಗಳಲ್ಲಿ ಎಣ್ಣೆ ನುಸುಳುವಾಗ ಉಂಟಾಗುವ ತಡೆಯೇ ಈ ಕೆಲಸ ಮಾಡುವುದು. ಆಯಿಲ್ ಸೀಲ್ ಸವೆದು ಎಣ್ಣೆ ಹೊರಬಂದರೆ ಹಿಂಚಕ್ರ ಪುಟಿಯತೊಡಗುತ್ತದೆ. ಆಗ ತಿರುವಿನಲ್ಲಿ ವಾಹನ ಓಲಾಡುತ್ತದೆ, ಬ್ರೇಕಿನ ಹಿಡಿತ ತಗ್ಗುತ್ತದೆ.

ದುರಸ್ತಿ ಯಾವಾಗ?

ಕಟಕಟ ಸದ್ದು ಮಾತ್ರ ಇದ್ದು ಸೋರಿಕೆ ಇಲ್ಲದಿದ್ದರೆ ಮೊದಲು ಎರಡೂ ತುದಿಗಳ ರಬ್ಬರ್ ಬುಷ್‌ಗಳನ್ನು ಪರೀಕ್ಷಿಸಬೇಕು. ಅನೇಕ ಬಾರಿ ಅಲ್ಪ ಖರ್ಚಿನಲ್ಲಿಯೇ ಕೆಲಸ ಮುಗಿಯುತ್ತದೆ. ಸೋರಿಕೆ ಇದ್ದು, ಬಿಚ್ಚಲು ಅನುಕೂಲವಾಗುವ ರಚನೆಯಿದ್ದರೆ ಸೀಲ್ ಮತ್ತು ಎಣ್ಣೆಯನ್ನು ಬದಲಿಸಬಹುದು. ಆದರೆ ಪಿಸ್ಟನ್ ರಾಡ್ ನೇರವಾಗಿಯೂ ನುಣುಪಾಗಿಯೂ ಇರಬೇಕು. ತುಕ್ಕಿನ ಗುಳಿ ಬಿದ್ದ ರಾಡ್ ಹೊಸ ಸೀಲನ್ನೂ ಬೇಗನೆ ಹರಿಯುತ್ತದೆ. ಎಣ್ಣೆಯ ದರ್ಜೆ, ಪ್ರಮಾಣಗಳೂ ಮುಖ್ಯ. ಕಂಠಪೂರ್ತಿ ತುಂಬಿದರೆ ರಾಡ್ ಒಳಸರಿಯಲು ಸ್ಥಳವಿಲ್ಲದೆ ಸೀಲ್ ಒಡೆಯುತ್ತದೆ.

ಬದಲಾವಣೆ ಯಾವಾಗ?

ಸಾಮಾನ್ಯ ಬೈಕುಗಳ ಡ್ಯಾಂಪರ್ ನಳಿಕೆಯ ಬಾಯಿಯನ್ನು ಬಹುಮಟ್ಟಿಗೆ ಕಾರ್ಖಾನೆಯಲ್ಲಿಯೇ ಮಡಚಿ ಮುಚ್ಚಿರುತ್ತಾರೆ. ಅದನ್ನು ಕತ್ತರಿಸಿ ವೆಲ್ಡಿಂಗ್ ಮಾಡಿದರೆ ಶಾಖಕ್ಕೆ ಸೀಲ್ ಕೆಡುತ್ತದೆ, ಜೋಡಣೆಯ ಬಲವೂ ಅನುಮಾನಾಸ್ಪದ. ರಾಡ್ ಬಾಗಿದ್ದರೆ ಅಥವಾ ನಳಿಕೆ ಜಜ್ಜಿದ್ದರೆ ಬದಲಾವಣೆಯೇ ದಾರಿ. ನೈಟ್ರೋಜನ್ ಅನಿಲ ತುಂಬಿದವು ಅಧಿಕ ಒತ್ತಡದಲ್ಲಿರುತ್ತವೆ. ಸೂಕ್ತ ಸಲಕರಣೆ ಇಲ್ಲದೆ ಅವನ್ನು ಬಿಚ್ಚುವುದು, ಕೊರೆಯುವುದು, ಕಾಯಿಸುವುದು ಪ್ರಾಣಾಪಾಯಕಾರಿ. ಬದಲಿಸುವಾಗ ಎರಡನ್ನೂ ಒಟ್ಟಿಗೆ ಬದಲಿಸಬೇಕು. ಒಂದು ಹಳತು, ಒಂದು ಹೊಸತಾದರೆ ಎರಡೂ ಬದಿಯ ತಡೆ ಸಮನಾಗದು.

ಲೆಕ್ಕಾಚಾರ

2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳ ಮೇಲಿನ ಜಿಎಸ್‌ಟಿ ಶೇ. 28ರಿಂದ ಶೇ. 18ಕ್ಕೆ ಇಳಿದಿದೆ. ಆದುದರಿಂದ ಹಳೆಯ ದರಪಟ್ಟಿಯ ಮೇಲೆ ದುರಸ್ತಿಯೇ ಅಗ್ಗವೆಂದು ನಿರ್ಧರಿಸುವುದು ಸರಿಯಲ್ಲ. ದುರಸ್ತಿಯ ಖರ್ಚು ಹೊಸದರ ಬೆಲೆಯ ಅರ್ಧಕ್ಕೂ ಮೀರಿದರೆ, ಖಾತರಿಯುಳ್ಳ ಹೊಸದನ್ನು ಸೂಚಿಸುವುದೇ ವಿವೇಕ. ನಕಲಿ ಮಾಲಿನ ಬಗೆಗೂ ಎಚ್ಚರ ಅಗತ್ಯ. ಬಿಲ್ ಸಹಿತ ಖರೀದಿಯೇ ರಕ್ಷಣೆ.

ಹಾಗೆಂದು ದುರಸ್ತಿಯ ಕಸುಬಿಗೆ ಭವಿಷ್ಯವಿಲ್ಲವೆಂದಲ್ಲ. ಕೇಂದ್ರ ಸರ್ಕಾರವು 2022ರ ಡಿಸೆಂಬರ್‌ನಲ್ಲಿ ಆರಂಭಿಸಿದ ದುರಸ್ತಿ ಹಕ್ಕಿನ ಪೋರ್ಟಲ್‌ನ ವ್ಯಾಪ್ತಿಯಲ್ಲಿ ವಾಹನ ಕ್ಷೇತ್ರವೂ ಸೇರಿದೆ. ನಿಖರ ಅಳತೆಯ ಬುಷ್, ವಾಷರ್‌ಗಳನ್ನು ತಯಾರಿಸಬಲ್ಲ ಸಣ್ಣ ಉದ್ದಿಮೆದಾರರಿಗೆ ಇಲ್ಲಿ ಅವಕಾಶವಿದೆ.

ಗ್ಯಾರೇಜಿನವರು ಬಿಚ್ಚಿದ ಭಾಗವನ್ನು ಗ್ರಾಹಕರಿಗೆ ತೋರಿಸಿ, ಖರ್ಚನ್ನು ಮುಂಚಿತವಾಗಿ ತಿಳಿಸಿ, ದುರಸ್ತಿಗೂ ಲಿಖಿತ ಖಾತರಿ ನೀಡುವ ಪದ್ಧತಿಯನ್ನು ರೂಢಿಸಿಕೊಳ್ಳಲಿ. ಸೋರಿದ ಎಣ್ಣೆಯನ್ನು ಒರೆಸಿ ಹಣ ಪಡೆದ ಸುದ್ದಿ ಸಣ್ಣ ಊರಿನಲ್ಲಿ ಸಂತೆಯ ದಿನದೊಳಗೆ ಎಲ್ಲರಿಗೂ ತಲುಪುತ್ತದೆ. ಹೋದ ನಂಬಿಕೆಗೆ ಬಿಡಿಭಾಗ ಯಾವ ಅಂಗಡಿಯಲ್ಲಿಯೂ ದೊರೆಯದು.