ರೊಳ್ಳದ ಓಟು ದೆಹಲಿಯಲ್ಲಿ ಯಾವ ಗುಂಡಿ ಒತ್ತಿತು?

2024ರ ಆಂಧ್ರಪ್ರದೇಶ ವಿಧಾನಸಭೆ ಚುನಾವಣೆಯಲ್ಲಿ ಮಡಕಶಿರಾ ಕ್ಷೇತ್ರದ ಸೋಲು ಗೆಲುವು ನಿಂತದ್ದು ಕೇವಲ 351 ಓಟುಗಳ ಮೇಲೆ. 176 ಮಂದಿ ಆ ಕಡೆಯಿಂದ ಈ ಕಡೆಗೆ ಬಂದಿದ್ದರೆ ಶಾಸಕರೇ ಬದಲಾಗುತ್ತಿದ್ದರು. ರೊಳ್ಳ, ಅಗಳಿ, ಗುಡಿಬಂಡೆ, ಅಮರಾಪುರ, ಮಡಕಶಿರಾ ಎಂಬ ಐದು ಮಂಡಲಗಳ ಜನರ ಓಟನ್ನು ಒಂದೊಂದಾಗಿ ಎಣಿಸಿ ಲೆಕ್ಕ ಬರೆದಿಟ್ಟ ವ್ಯವಸ್ಥೆ ಅದು. ಹಾಗೆ ಗೆದ್ದು ಹೋದವರು ಸದನದಲ್ಲಿ ಯಾವ ಮಸೂದೆಗೆ ಹೌದು ಎಂದರು, ಯಾವುದಕ್ಕೆ ಬೇಡ ಎಂದರು? ಈ ಪ್ರಶ್ನೆಗೆ ಅದೇ ನಿಖರತೆಯ ಉತ್ತರ ಸಿಗುವುದು ಕಷ್ಟ. ಉತ್ತರ ಸಿಕ್ಕ ಕಡೆಯೂ ಅದನ್ನು ಓದಲು ಸ್ವಲ್ಪ ಗಣಿತ ಬೇಕು. ಈ ಲೇಖನ ಆ ಗಣಿತದ ಕುರಿತು.

ಈ ನೆಲಕ್ಕೆ ಇದು ದೂರದ ವಿಷಯವಲ್ಲ. ಮೂರು ಕಡೆ ಕರ್ನಾಟಕವನ್ನೇ ಮುಟ್ಟಿಕೊಂಡಿರುವ ಮಡಕಶಿರಾ ಸೀಮೆಯಲ್ಲಿ ಮನೆಮಾತು ಕನ್ನಡ, ಕಚೇರಿಯ ಮಾತು ತೆಲುಗು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಅಲ್ಲಿಗೆ ಹೋದವು, ಉಳಿದ ಭಾಗ ಮೈಸೂರಿಗೆ ಬಂತು. ರಾಯದುರ್ಗ ಅನಂತಪುರ ಜಿಲ್ಲೆಗೆ ಸೇರಿತು. ಮಡಕಶಿರಾ ಮೊದಲಿನಿಂದಲೂ ಅನಂತಪುರದಲ್ಲೇ ಇತ್ತು. 1956ರಲ್ಲಿ ರಾಜ್ಯದ ಹೆಸರು ಆಂಧ್ರಪ್ರದೇಶವಾಯಿತು, 2014ರಲ್ಲಿ ಆ ರಾಜ್ಯವೇ ಎರಡಾಯಿತು. ಮನುಷ್ಯರು ಕದಲಲಿಲ್ಲ, ವಿಳಾಸ ಬದಲಾಗುತ್ತ ಹೋಯಿತು. ಪ್ರತಿ ಬದಲಾವಣೆಯ ಹಿಂದೆಯೂ ಸಂಸತ್ತಿನ ಒಂದು ಕಾಯ್ದೆ ಇತ್ತು. 2022ರ ಏಪ್ರಿಲ್ 4ರಂದು ರೊಳ್ಳ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದ್ದಕ್ಕೆ ಮಾತ್ರ ಸದನದ ಓಟು ಬೇಕಾಗಲಿಲ್ಲ, ರಾಜ್ಯ ಸರ್ಕಾರದ ಅಧಿಸೂಚನೆ ಸಾಕಾಯಿತು.

ಲೋಕಸಭೆಗೆ ರೊಳ್ಳ ಸೇರುವುದು ಹಿಂದೂಪುರ ಕ್ಷೇತ್ರಕ್ಕೆ. 2019ರಲ್ಲಿ ಅಲ್ಲಿ ಗೆದ್ದದ್ದು ವೈಎಸ್‌ಆರ್ ಕಾಂಗ್ರೆಸ್, 2024ರಲ್ಲಿ ತೆಲುಗು ದೇಶಂ. ಊರಿನ ಬೀದಿಯಲ್ಲಿ ಈ ಎರಡು ಪಕ್ಷಗಳ ಜಗಳ ಎಷ್ಟು ಬಿಸಿ ಎಂಬುದನ್ನು ಗಡಿಯ ಈಚೆಗಿನ ಶಿರಾ, ಮಧುಗಿರಿಯವರೂ ಬಲ್ಲರು. ಆದರೆ ದೆಹಲಿಯಲ್ಲಿ? ಲೋಕಸಭೆಯಲ್ಲಿ ಮತವಿಭಜನೆಯಾದ, ಅಂದರೆ ಓಟುಗಳನ್ನು ಎಣಿಸಿ ದಾಖಲಿಸಿದ ನಾಲ್ಕು ಸಂದರ್ಭಗಳನ್ನು ನೋಡೋಣ. 2019ರ ಆಗಸ್ಟ್‌ನ ಜಮ್ಮು ಮತ್ತು ಕಾಶ್ಮೀರ ಪುನರ್‌ವಿಂಗಡಣಾ ಮಸೂದೆ: ಪರ 370, ವಿರುದ್ಧ 70. ಅದೇ ಡಿಸೆಂಬರ್‌ನ ಪೌರತ್ವ ತಿದ್ದುಪಡಿ: ಪರ 311, ವಿರುದ್ಧ 80. 2023ರ ಸೆಪ್ಟೆಂಬರ್‌ನ ಮಹಿಳಾ ಮೀಸಲಾತಿ: ಪರ 454, ವಿರುದ್ಧ 2. 2025ರ ಏಪ್ರಿಲ್‌ನ ವಕ್ಫ್ ತಿದ್ದುಪಡಿ: ಪರ 288, ವಿರುದ್ಧ 232.

ತೆಲುಗು ದೇಶಂ ನಾಲ್ಕಕ್ಕೂ ಹೌದು ಎಂದಿತು. ವೈಎಸ್‌ಆರ್ ಕಾಂಗ್ರೆಸ್ ಮೊದಲ ಮೂರಕ್ಕೆ ಹೌದು, ಕೊನೆಯದಕ್ಕೆ ಬೇಡ ಎಂದಿತು. ಹೊಂದಾಣಿಕೆ ನಾಲ್ಕರಲ್ಲಿ ಮೂರು, ನೂರಕ್ಕೆ 75. ಇಲ್ಲಿಗೆ ನಿಲ್ಲಿಸಿ, ಎರಡೂ ಒಂದೇ ಎಂದು ತೀರ್ಪು ಕೊಡುವುದು ಸುಲಭ. ಸುದ್ದಿವಾಹಿನಿಗಳ ಚರ್ಚೆಗಳು ದಿನವೂ ಮಾಡುವುದು ಅದನ್ನೇ.

ಆ 75ರ ಬೆಲೆ ಎಷ್ಟು ಎಂದು ಮೊದಲು ಕೇಳಬೇಕು. ಮಹಿಳಾ ಮೀಸಲಾತಿ ಮಸೂದೆಗೆ ಓಟು ಹಾಕಿದ 456 ಮಂದಿಯಲ್ಲಿ ಯಾರಾದರೂ ಇಬ್ಬರನ್ನು ಕಣ್ಣುಮುಚ್ಚಿ ಆರಿಸಿದರೆ ಅವರ ಓಟು ಒಂದೇ ಆಗಿರುವ ಸಂಭವ ನೂರಕ್ಕೆ 99. ಆ ಓಟಿನಲ್ಲಿ ಇಬ್ಬರು ಒಂದಾದರು ಎಂದರೆ ನಮಗೆ ಹೊಸದೇನೂ ತಿಳಿಯುವುದಿಲ್ಲ. ಜಮ್ಮು ಕಾಶ್ಮೀರ ಮಸೂದೆಯಲ್ಲಿ ಈ ಸಂಭವ ನೂರಕ್ಕೆ 73, ಪೌರತ್ವ ತಿದ್ದುಪಡಿಯಲ್ಲಿ 67, ವಕ್ಫ್ ಮಸೂದೆಯಲ್ಲಿ 51. ಲೆಕ್ಕ ಸರಳ: ಹೌದು ಎಂದವರ ಪಾಲಿನ ವರ್ಗಕ್ಕೆ ಬೇಡ ಎಂದವರ ಪಾಲಿನ ವರ್ಗವನ್ನು ಕೂಡಿದರಾಯಿತು. ನಾಲ್ಕರ ಸರಾಸರಿ ತೆಗೆದರೆ ಬರುವುದು ಸುಮಾರು 73. ಅಂದರೆ ಒಬ್ಬರಿಗೊಬ್ಬರು ಯಾವ ಸಂಬಂಧವೂ ಇಲ್ಲದ ಇಬ್ಬರು ಸದಸ್ಯರು ಕೂಡ ಈ ನಾಲ್ಕು ಓಟುಗಳಲ್ಲಿ ನೂರಕ್ಕೆ 73ರಷ್ಟು ಒಂದಾಗಿರುತ್ತಾರೆ. ಬೀದಿಯಲ್ಲಿ ಹೊಡೆದಾಡುವ ಎರಡು ಪಕ್ಷಗಳ 75ಕ್ಕೂ ಈ 73ಕ್ಕೂ ಹೆಚ್ಚು ದೂರವಿಲ್ಲ. ಬಿಜೆಪಿ ಮತ್ತು ತೆಲುಗು ದೇಶಂ ನಾಲ್ಕಕ್ಕೆ ನಾಲ್ಕು ಕೂಡಿದರೆ, ಕಾಂಗ್ರೆಸ್ ಮತ್ತು ತೆಲುಗು ದೇಶಂ ಕೂಡಿದ್ದು ಒಂದರಲ್ಲಿ ಮಾತ್ರ. ನಿಜವಾದ ಸುಳಿವು ಇರುವುದು ಆಕಸ್ಮಿಕದ ಮಟ್ಟದಿಂದ ಬಹಳ ಮೇಲೆ ಅಥವಾ ಬಹಳ ಕೆಳಗೆ ನಿಂತ ಇಂಥ ಜೋಡಿಗಳಲ್ಲಿ.

ಆಕಸ್ಮಿಕ ಹೊಂದಾಣಿಕೆಯನ್ನು ಕಳೆದು ಉಳಿದದ್ದನ್ನು ಅಳೆಯುವ ಈ ಬಗೆಯ ಅಳತೆಗೆ 1960ರಲ್ಲಿ ಒಂದು ಖಚಿತ ಸೂತ್ರ ಕೊಟ್ಟವನು ಅಮೆರಿಕದ ಮನಶ್ಶಾಸ್ತ್ರಜ್ಞ ಜೇಕಬ್ ಕೋಹೆನ್. ಅದಕ್ಕೆ ಕಪ್ಪಾ ಎಂದು ಹೆಸರು. ಇಬ್ಬರು ಪರೀಕ್ಷಕರು ಒಂದೇ ಸಂಗತಿಯನ್ನು ನೋಡಿ ಕೊಟ್ಟ ತೀರ್ಪು ಎಷ್ಟು ಕೂಡುತ್ತದೆ ಎಂದು ತಿಳಿಯಲು ಮಾಡಿದ ಸೂತ್ರ ಅದು. ಶಾಸಕರಿಗೂ ಅದೇ ತರ್ಕ ಹೊಂದುತ್ತದೆ. ನಾಲ್ಕೇ ಓಟುಗಳಿಂದ ಯಾರ ಜಾತಕವನ್ನೂ ಬರೆಯಲಾಗದು, ನೂರಾರು ಬೇಕು. ಆದರೂ ಮುಖ್ಯ ಪಾಠ ಈ ನಾಲ್ಕರಲ್ಲೇ ಇದೆ: ಸದನ ಸಮನಾಗಿ ಒಡೆದ ಓಟು ಹೆಚ್ಚು ಮಾತಾಡುತ್ತದೆ, ಒಮ್ಮತದ ಓಟು ಕಡಿಮೆ.

ಮುಂದಿನ ಹೆಜ್ಜೆ ಇನ್ನೂ ಸ್ವಾರಸ್ಯದ್ದು. ರೊಳ್ಳ, ಮಡಕಶಿರಾ, ಶಿರಾ, ಪಾವಗಡ, ಹಿಂದೂಪುರ, ರಾಯದುರ್ಗಗಳ ನಡುವಿನ ದೂರಗಳ ಪಟ್ಟಿ ಮಾತ್ರ ಕೊಟ್ಟು ನಕ್ಷೆ ಬರೆಯಿರಿ ಎಂದರೆ ಬರೆಯಬಹುದು. ದಿಕ್ಕು ತಲೆಕೆಳಗಾಗಬಹುದು, ಆದರೆ ಯಾವ ಊರು ಯಾವುದರ ಪಕ್ಕ ಎಂಬುದು ಸರಿಯಾಗಿಯೇ ಬರುತ್ತದೆ. ಇಬ್ಬರು ಸದಸ್ಯರು ಎಷ್ಟು ಬಾರಿ ಬೇರೆಯಾದರು ಎಂಬುದನ್ನು ಅವರ ನಡುವಿನ ದೂರ ಎಂದುಕೊಂಡರೆ, ಇಡೀ ಸದನದ ನಕ್ಷೆಯನ್ನೂ ಹೀಗೆಯೇ ಬರೆಯಬಹುದು. ನಮ್ಮ ನಾಲ್ಕು ಓಟುಗಳು ಒಂದು ಗೆರೆಯ ಮೇಲೆ ಚೆನ್ನಾಗಿ ಕೂರುತ್ತವೆ. ಒಂದು ತುದಿಯಲ್ಲಿ ಬಿಜೆಪಿ ಮತ್ತು ತೆಲುಗು ದೇಶಂ, ನಡುವೆ ವೈಎಸ್‌ಆರ್ ಕಾಂಗ್ರೆಸ್, ಅದರಾಚೆ ಕಾಂಗ್ರೆಸ್, ಇನ್ನೂ ಆಚೆ ಮಜ್ಲಿಸ್ (ಎಐಎಂಐಎಂ) ಪಕ್ಷ. ಪ್ರತಿ ಮಸೂದೆಯೂ ಆ ಗೆರೆಯನ್ನು ಒಂದೊಂದು ಕಡೆ ಕತ್ತರಿಸುತ್ತದೆ. ವಕ್ಫ್ ಮಸೂದೆ ತೆಲುಗು ದೇಶಂ ಮತ್ತು ವೈಎಸ್‌ಆರ್ ಕಾಂಗ್ರೆಸ್ ನಡುವೆ ಕತ್ತರಿಸಿತು. ಜಮ್ಮು ಕಾಶ್ಮೀರ ಮತ್ತು ಪೌರತ್ವದ ಮಸೂದೆಗಳು ವೈಎಸ್‌ಆರ್ ಕಾಂಗ್ರೆಸ್ ಮತ್ತು ಕಾಂಗ್ರೆಸ್ ನಡುವೆ ಕತ್ತರಿಸಿದವು. ಮಹಿಳಾ ಮೀಸಲಾತಿ ತುತ್ತತುದಿಯಲ್ಲಿ ಕತ್ತರಿಸಿದ್ದರಿಂದ ಆಚೆ ಉಳಿದವರು ಇಬ್ಬರೇ, ಮಜ್ಲಿಸ್‌ನ ಅಸದುದ್ದೀನ್ ಓವೈಸಿ ಮತ್ತು ಇಮ್ತಿಯಾಜ್ ಜಲೀಲ್.

ಅಮೆರಿಕದ ಕೀತ್ ಪೂಲ್ ಮತ್ತು ಹೊವರ್ಡ್ ರೋಸೆಂಥಲ್ 1980ರ ದಶಕದಲ್ಲಿ ಇದೇ ವಿಚಾರವನ್ನು ದೊಡ್ಡ ಪ್ರಮಾಣದಲ್ಲಿ ಬೆಳೆಸಿದರು. 1789ರಿಂದ ಅಲ್ಲಿನ ಕಾಂಗ್ರೆಸ್ಸಿನ ಪ್ರತಿ ಸದಸ್ಯನ ಪ್ರತಿ ದಾಖಲಿತ ಓಟೂ ಅವರಿಗೆ ಸಿಕ್ಕಿತ್ತು. ಅವರ ವಿಧಾನಕ್ಕೆ ನಾಮಿನೇಟ್ ಎಂದು ಹೆಸರು. ಎರಡು ಶತಮಾನಗಳ ಬಹುಪಾಲು ಓಟುಗಳನ್ನು ಒಂದೇ ಗೆರೆ ವಿವರಿಸಿಬಿಟ್ಟಿತು. ಅದು ಸಾಲದೇ ಹೋದದ್ದು ಮುಖ್ಯವಾಗಿ ಇಪ್ಪತ್ತನೇ ಶತಮಾನದ ನಡುಭಾಗದಲ್ಲಿ. ಕರಿಯರ ನಾಗರಿಕ ಹಕ್ಕಿನ ಪ್ರಶ್ನೆ ಬಂದಾಗ ಒಂದೇ ಪಕ್ಷದ ಉತ್ತರದವರೂ ದಕ್ಷಿಣದವರೂ ಬೇರೆಯಾದರು. ಆಗ ಎರಡನೆಯ ಗೆರೆಯನ್ನು ಅಡ್ಡಲಾಗಿ ಎಳೆಯಬೇಕಾಯಿತು.

ನಮ್ಮ ಗೆರೆಯೂ ಒಂದು ಕಡೆ ಬಿರುಕು ಬಿಡುತ್ತದೆ, ಅದು ಆಂಧ್ರದ ವಿಷಯದಲ್ಲೇ. 2018ರ ಜುಲೈ 20ರಂದು ಮೋದಿ ಸರ್ಕಾರದ ವಿರುದ್ಧ ತೆಲುಗು ದೇಶಂ ಅವಿಶ್ವಾಸ ಗೊತ್ತುವಳಿ ತಂದಿತು. ಕಾರಣ ಆಂಧ್ರಕ್ಕೆ ವಿಶೇಷ ಸ್ಥಾನಮಾನ. ಪರ 126, ವಿರುದ್ಧ 325. ಅಂದು ತೆಲುಗು ದೇಶಂ ಮತ್ತು ಕಾಂಗ್ರೆಸ್ ಒಂದು ಕಡೆ, ಬಿಜೆಪಿ ಇನ್ನೊಂದು ಕಡೆ. ಬಿಜು ಜನತಾದಳ ಹೊರನಡೆಯಿತು. ಆ ಒಂದೇ ಗೆರೆ ಇದನ್ನು ವಿವರಿಸಲಾರದು, ರಾಜ್ಯ ಮತ್ತು ಕೇಂದ್ರದ ಹಿತವೆಂಬ ಇನ್ನೊಂದು ಗೆರೆ ಬೇಕು. ಅದೇ ವಿಶೇಷ ಸ್ಥಾನಮಾನಕ್ಕಾಗಿ ವೈಎಸ್‌ಆರ್ ಕಾಂಗ್ರೆಸ್‌ನ ಐವರು ಸಂಸದರು ಕೆಲವೇ ತಿಂಗಳ ಹಿಂದೆ ರಾಜೀನಾಮೆ ಕೊಟ್ಟಿದ್ದರು. ಓಟಿನ ದಿನ ಅವರು ಸದನದಲ್ಲಿ ಇರಲಿಲ್ಲ. ಎರಡೂ ಪಕ್ಷಗಳು ಅತಿ ಗಟ್ಟಿಯಾಗಿ ಒಪ್ಪಿದ್ದ ವಿಷಯದಲ್ಲಿ ಅವರ ಹೊಂದಾಣಿಕೆ ಪಟ್ಟಿಯಲ್ಲಿ ಖಾಲಿ ಮನೆಯಾಗಿ ಉಳಿಯಿತು. ಗೈರುಹಾಜರಿಯನ್ನು ಸೊನ್ನೆ ಎಂದು ಓದಿದರೆ ಹೀಗೆಯೇ ಮೋಸ ಹೋಗುತ್ತೇವೆ. 2020ರ ಜನವರಿ 27ರಂದು ವಿಧಾನ ಪರಿಷತ್ತನ್ನು ರದ್ದು ಮಾಡಬೇಕೆಂಬ ನಿರ್ಣಯ ಆಂಧ್ರ ವಿಧಾನಸಭೆಯಲ್ಲಿ 133–0 ಎಂದು ಅಂಗೀಕಾರವಾಯಿತು. ಸಂಖ್ಯೆಯಷ್ಟೇ ನೋಡಿದರೆ ಪೂರ್ಣ ಒಮ್ಮತ. ವಾಸ್ತವದಲ್ಲಿ ವಿರೋಧ ಪಕ್ಷ ಬಹಿಷ್ಕಾರ ಹಾಕಿ ಹೊರಗಿತ್ತು.

ಒಂದೇ ಗುಂಡಿಯನ್ನು ಬೇರೆ ಬೇರೆ ಕಾರಣಕ್ಕೆ ಒತ್ತುವವರೂ ಇದ್ದಾರೆ. 1990ರ ನವೆಂಬರ್ 7ರಂದು ವಿ.ಪಿ. ಸಿಂಗ್ ಸರ್ಕಾರ 142–346ರಿಂದ ಬಿದ್ದಾಗ ಕಾಂಗ್ರೆಸ್ ಮತ್ತು ಬಿಜೆಪಿ ಒಟ್ಟಿಗೆ ವಿರುದ್ಧ ಓಟು ಹಾಕಿದವು. 2008ರ ಜುಲೈ 22ರಂದು ಮನಮೋಹನ ಸಿಂಗ್ ಸರ್ಕಾರ 275–256ರಿಂದ ಉಳಿದಾಗ ವಿರುದ್ಧ ನಿಂತವರಲ್ಲಿ ಎಡಪಕ್ಷಗಳೂ ಇದ್ದವು, ಬಿಜೆಪಿಯೂ ಇತ್ತು. ಕಂಪ್ಯೂಟರಿಗೆ ಈ ಒಂದು ಓಟನ್ನು ಮಾತ್ರ ಕೊಟ್ಟರೆ ಅದು ಇವರಿಬ್ಬರನ್ನೂ ಅಕ್ಕಪಕ್ಕದ ಮನೆಯವರನ್ನಾಗಿ ಕೂರಿಸುತ್ತದೆ. ಆದ್ದರಿಂದಲೇ ವಿಶ್ವಾಸಮತವನ್ನೂ ಸಾಮಾನ್ಯ ಮಸೂದೆಯನ್ನೂ ಒಂದೇ ಚೀಲಕ್ಕೆ ಹಾಕಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ವಿಶ್ವಾಸಮತದ ದಿನ ಕೇಳುವ ಪ್ರಶ್ನೆ ಸರ್ಕಾರ ಇರಬೇಕೋ ಬೇಡವೋ ಎಂಬುದಷ್ಟೇ.

ಭಾರತದ ಅಂಕಿಗಳಿಗೆ ಇನ್ನೊಂದು ಮಿತಿ ಇದೆ, ಅದು ಕಾನೂನೇ ಹಾಕಿದ ಮಿತಿ. 1985ರ 52ನೇ ತಿದ್ದುಪಡಿ ಸಂವಿಧಾನಕ್ಕೆ ಹತ್ತನೇ ಅನುಸೂಚಿಯನ್ನು ಸೇರಿಸಿತು. ಪಕ್ಷದ ವಿಪ್ (ಹೀಗೇ ಓಟು ಹಾಕಬೇಕೆಂಬ ಆದೇಶ) ಮೀರಿ ಓಟು ಹಾಕಿದರೆ, ಓಟು ಹಾಕದೆ ಕೂತರೂ, ಸದಸ್ಯತ್ವ ಹೋಗಬಹುದು. ಪಕ್ಷಾಂತರವನ್ನು ತಡೆಯುವುದು ಅದರ ಉದ್ದೇಶ, ಅಂದಿನ ಸ್ಥಿತಿಯಲ್ಲಿ ಅದಕ್ಕೆ ಕಾರಣವೂ ಇತ್ತು. ಆದರೆ ಪರಿಣಾಮವನ್ನು ನೋಡಿ. ಒಂದು ಪಕ್ಷದ ಒಳಗೆ ಎಷ್ಟು ಒಗ್ಗಟ್ಟಿದೆ ಎಂದು ಅಳೆಯಲು ಸ್ಟುವರ್ಟ್ ರೈಸ್ ಎಂಬ ಸಂಖ್ಯಾಶಾಸ್ತ್ರಜ್ಞ 1920ರ ದಶಕದಲ್ಲೇ ಒಂದು ಸೂಚ್ಯಂಕ ಮಾಡಿದ್ದ. ಹೌದು ಮತ್ತು ಬೇಡಗಳ ವ್ಯತ್ಯಾಸವನ್ನು ಒಟ್ಟು ಓಟಿನಿಂದ ಭಾಗಿಸಬೇಕು. ಅರ್ಧರ್ಧ ಒಡೆದರೆ 0, ಎಲ್ಲರೂ ಒಂದಾದರೆ 1. ವಿಪ್ ಇದ್ದ ಕಡೆ ನಮ್ಮ ಪಕ್ಷಗಳ ಸೂಚ್ಯಂಕ ಬಹುಮಟ್ಟಿಗೆ 1ಕ್ಕೇ ಅಂಟಿಕೊಂಡಿರುತ್ತದೆ. ಹಿಂದೂಪುರದ ಸಂಸದರ ಮನಸ್ಸಿನಲ್ಲಿ ಏನಿತ್ತು ಎಂಬುದು ಆ ಅಂಕಿಯಿಂದ ತಿಳಿಯದು, ಪಕ್ಷ ಏನು ಹೇಳಿತು ಎಂಬುದಷ್ಟೇ ತಿಳಿಯುತ್ತದೆ. ವಿಪ್‌ನ ಭಯ ಸರ್ಕಾರದ ಅಳಿವು ಉಳಿವಿನ ಓಟಿಗೆ ಮಾತ್ರ ಇರಲಿ ಎಂದು 1990ರಲ್ಲಿ ದಿನೇಶ್ ಗೋಸ್ವಾಮಿ ಸಮಿತಿ ಶಿಫಾರಸು ಮಾಡಿತ್ತು. ಅದು ಕಾನೂನಾಗಲಿಲ್ಲ.

ಇಷ್ಟೆಲ್ಲ ಅಳೆಯುವುದು ಹೆಸರುಗಳ ದಾಖಲೆ ಇದ್ದಾಗಿನ ಮಾತು. ಲೋಕಸಭೆಯಲ್ಲಿ 1957ರಿಂದ ಓಟಿನ ಯಂತ್ರವಿದೆ: ಹೌದು ಎನ್ನಲು ಹಸಿರು, ಬೇಡ ಎನ್ನಲು ಕೆಂಪು, ತಟಸ್ಥರಿಗೆ ಹಳದಿ. ಗುಂಡಿ ತಪ್ಪಿದವರು ಚೀಟಿಯಲ್ಲಿ ಬರೆದುಕೊಡಬಹುದು. 2024ರ ಡಿಸೆಂಬರ್ 17ರಂದು ಏಕಕಾಲ ಚುನಾವಣೆಯ ಮಸೂದೆಯನ್ನು ಮಂಡಿಸುವಾಗ ಯಂತ್ರ ಮೊದಲು ತೋರಿಸಿದ್ದು 220–149. ಚೀಟಿಗಳು ಸೇರಿದ ಮೇಲೆ ಅದು 269–198 ಆಯಿತು. ಸುಮಾರು ನೂರು ಓಟಿನ ವ್ಯತ್ಯಾಸ! ಪರದೆಯ ಮೇಲೆ ಮಿನುಗಿದ ಮೊದಲ ಸಂಖ್ಯೆಯನ್ನು ನಂಬಿ ಲೆಕ್ಕ ಶುರುಮಾಡಬಾರದು.

ಆದರೆ ಹೆಚ್ಚಿನ ಮಸೂದೆಗಳು ಯಂತ್ರದವರೆಗೆ ಬರುವುದೇ ಇಲ್ಲ. ಧ್ವನಿಮತದಲ್ಲಿ ಹೌದು ಬೇಡಗಳ ಕೂಗು ಕೇಳಿ ಸಭಾಧ್ಯಕ್ಷರು ತೀರ್ಪು ಕೊಡುತ್ತಾರೆ, ಯಾರ ಹೆಸರೂ ಉಳಿಯುವುದಿಲ್ಲ. ಸಂವಿಧಾನ ತಿದ್ದುಪಡಿಗೆ ವಿಶೇಷ ಬಹುಮತ ಬೇಕಾದ್ದರಿಂದ ಅಲ್ಲಿ ಎಣಿಕೆ ತಪ್ಪದು. ಉಳಿದ ಕಡೆ ಯಾರಾದರೂ ಪಟ್ಟುಹಿಡಿದು ಕೇಳಬೇಕು. ಹೀಗಾಗಿ ನಮಗೆ ಸಿಗುವ ಓಟುಗಳು ಎಲ್ಲ ಓಟುಗಳ ನ್ಯಾಯವಾದ ಮಾದರಿಯಲ್ಲ, ಜಗಳವಾಡಿ ದಾಖಲಾದವುಗಳ ಮಾದರಿ. ಆಂಧ್ರಪ್ರದೇಶವನ್ನು ಎರಡು ಮಾಡಿದ ಪುನರ್‌ವಿಂಗಡಣಾ ಮಸೂದೆ 2014ರ ಫೆಬ್ರವರಿ 18ರಂದು ಲೋಕಸಭೆಯಲ್ಲಿ ಅಂಗೀಕಾರವಾದದ್ದು ಧ್ವನಿಮತದಲ್ಲಿ. ಅಂದು ಸದನದ ನೇರಪ್ರಸಾರವೂ ನಿಂತಿತ್ತು. ಅದಕ್ಕೂ ಮೊದಲು, ಜನವರಿ 30ರಂದು, ಆಂಧ್ರ ವಿಧಾನಸಭೆ ಅದೇ ಮಸೂದೆಯನ್ನು ತಿರಸ್ಕರಿಸಿದ್ದೂ ಧ್ವನಿಮತದಲ್ಲೇ. ರೊಳ್ಳದ ರಾಜ್ಯ, ರಾಜಧಾನಿ, ನೀರಿನ ಪಾಲು ಎಲ್ಲವನ್ನೂ ಮುಟ್ಟಿದ ಮಸೂದೆ ಅದು. ಆ ಅಂಗೀಕಾರದ ಸಾಲಿನಲ್ಲಿ ಹೋಲಿಸಲು ಹೆಸರುಗಳೇ ಇಲ್ಲ ಎಂಬುದು ನನಗೆ ಇಂದಿಗೂ ನೋವಿನ ಸಂಗತಿ.

ಇನ್ನು, ಓಟಿಗೇ ಬಾರದ ವಿಷಯಗಳು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣದ ಸೌಕರ್ಯ ಒದಗಿಸಬೇಕೆಂದು 1956ರ ಏಳನೇ ತಿದ್ದುಪಡಿ ಸೇರಿಸಿದ 350ಎ ವಿಧಿ ಹೇಳುತ್ತದೆ. ರೊಳ್ಳ, ರಾಯದುರ್ಗಗಳ ಕನ್ನಡ ಮಕ್ಕಳಿಗೆ ಇದಕ್ಕಿಂತ ಹತ್ತಿರದ ವಿಧಿ ಇನ್ನೊಂದಿಲ್ಲ. ಈ ವಿಷಯ ಗೊತ್ತುವಳಿಯಾಗಿ ಸದನವನ್ನು ಒಡೆಯದಿದ್ದರೆ ಎಂಥ ಒಳ್ಳೆಯ ನಕ್ಷೆಯಲ್ಲೂ ಅದಕ್ಕೆ ಗೆರೆ ಮೂಡುವುದಿಲ್ಲ.

ಅಮೆರಿಕದ ಸಂವಿಧಾನದಲ್ಲಿ ಹಾಜರಿದ್ದವರ ಐದನೇ ಒಂದು ಭಾಗ ಕೇಳಿದರೆ ಹೆಸರು ಹಿಡಿದು ಓಟು ದಾಖಲಿಸಲೇಬೇಕು. ಯುರೋಪಿಯನ್ ಸಂಸತ್ತು 2009ರಿಂದ ಶಾಸನಗಳ ಅಂತಿಮ ಓಟನ್ನು ಹೆಸರು ಸಹಿತ ದಾಖಲಿಸುತ್ತಿದೆ. ನಮ್ಮ ಲೋಕಸಭೆಯ 367ನೇ ನಿಯಮದಲ್ಲಿ ಸದಸ್ಯರು ಮತವಿಭಜನೆ ಕೇಳಬಹುದು. ಆದರೆ ಆ ಬೇಡಿಕೆ ಅನವಶ್ಯಕ ಎಂದು ಸಭಾಧ್ಯಕ್ಷರಿಗೆ ಕಂಡರೆ ಸದಸ್ಯರನ್ನು ಎದ್ದು ನಿಲ್ಲಿಸಿ ತಲೆ ಎಣಿಸಿ ಮುಗಿಸಬಹುದು, ಆಗ ಹೆಸರುಗಳನ್ನು ಬರೆದುಕೊಳ್ಳುವುದಿಲ್ಲ. ಬದಲಾಗಬೇಕಾದದ್ದು ಈ ಒಂದು ಉಪವಾಕ್ಯ. ಪ್ರತಿ ಮೇಜಿನ ಮೇಲೂ ಗುಂಡಿ ಇದೆ, ಒತ್ತಲು ಬೇಕಾದದ್ದು ಕೆಲವೇ ಸೆಕೆಂಡು.