ಡರ್ಟ್ ಬೈಕಿನ ಸ್ಟಿಕ್ಕರ್: ಗಾಳಿಗುಳ್ಳೆಯ ಲೆಕ್ಕಾಚಾರ

ವಾಹನಗಳಿಗೆ ವಿನೈಲ್ ಸ್ಟಿಕ್ಕರ್ ಅಂಟಿಸುವ ವೃತ್ತಿಯು ಹೊರನೋಟಕ್ಕೆ ಅಲ್ಪ ಬಂಡವಾಳದ, ಶೀಘ್ರ ಲಾಭದ ವ್ಯವಹಾರವಾಗಿ ತೋರುತ್ತದೆ. ಲೆಕ್ಕಪುಸ್ತಕ ತೆರೆದಾಗ ಚಿತ್ರ ಬೇರೆಯಾಗುತ್ತದೆ. ಡರ್ಟ್ ಬೈಕ್ ಒಂದರ ಪೂರ್ಣ ಸೆಟ್‌ಗೆ 3,000 ರೂ. ದರವಿದ್ದು, ಹಾಳೆ, ಮುದ್ರಣ ಹಾಗೂ ಕೂಲಿ ಸೇರಿ 2,400 ರೂ. ವೆಚ್ಚವಾಗುವುದೆಂದು ಉದಾಹರಣೆಗೆ ಇಟ್ಟುಕೊಳ್ಳಬಹುದು. ಗುಳ್ಳೆ ಎದ್ದಿತೆಂದು ಗಿರಾಕಿ ಮರಳಿದರೆ, ಕಿತ್ತ ಹಾಳೆ ಮರುಬಳಕೆಗೆ ಬಾರದು. ಪುನಃ ಅಷ್ಟೇ ವೆಚ್ಚ ತೆರಬೇಕು. ಹೀಗೆ ಒಂದು ಕೆಲಸ ಕೆಟ್ಟರೆ ನಾಲ್ಕು ಒಳ್ಳೆಯ ಕೆಲಸಗಳ ಲಾಭ ಕರಗಿಹೋಗುತ್ತದೆ.

2015ರಲ್ಲಿ ಬೆಂಗಳೂರಿನ ಸಿ.ಎಸ್. ಸಂತೋಷ್ ಅವರು ಡಕಾರ್ ರ‍್ಯಾಲಿಯನ್ನು ಪೂರ್ಣಗೊಳಿಸಿದ ಪ್ರಥಮ ಭಾರತೀಯರೆನಿಸಿದರು. ಇಂತಹ ಕ್ರೀಡೆಯ ಬೈಕುಗಳಿಗೆ ಬಳಸುವ ಹಾಳೆ ಸಾಮಾನ್ಯ ಸ್ಟಿಕ್ಕರಿಗಿಂತ ಹಲವು ಪಟ್ಟು ದಪ್ಪ; ಬೂಟಿನ ಉಜ್ಜಾಟ, ಕಲ್ಲು, ಕೆಸರುಗಳನ್ನು ತಡೆಯಲು ಅದರ ಮೇಲೊಂದು ಪಾರದರ್ಶಕ ರಕ್ಷಾ ಪದರವಿರುತ್ತದೆ. ದಪ್ಪ ಹಾಳೆ ಸುಲಭವಾಗಿ ಬಾಗದು. ಮೇಲಾಗಿ ಮಡ್‌ಗಾರ್ಡ್ ಮತ್ತು ಪಕ್ಕದ ಫಲಕಗಳು ಬಹುತೇಕ ಪಾಲಿಪ್ರೊಪಿಲೀನ್‌ನಿಂದ ತಯಾರಾದವು. ಅಂಟು ಸುಲಭವಾಗಿ ಹಿಡಿಯದ ಪ್ಲಾಸ್ಟಿಕ್ ಅದು. ಆದುದರಿಂದ ಅಗ್ಗದ ಹಾಳೆ ತಂದು ಉಳಿಸುವ ಹಣ ನಿಜವಾದ ಉಳಿತಾಯವಲ್ಲ.

ಶೇಕಡಾವಾರು ಹೇಳಲಾಗದಿದ್ದರೂ, ಗುಳ್ಳೆಗಳ ಬಹುಪಾಲು ಮೂಲ ಅಂಟಿಸುವ ಕೈಯಲ್ಲಿಲ್ಲ, ಅದಕ್ಕೂ ಮುಂಚಿನ ಶುಚಿಯಲ್ಲಿದೆ. ಫಲಕವನ್ನು ಸೋಪು ನೀರಿನಿಂದ ತೊಳೆದು, ಹಳೆಯ ಅಂಟನ್ನು ಪೂರ್ತಿ ತೆಗೆದು, ಒಣಗಿದ ಬಳಿಕ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ಶುಭ್ರ ಬಟ್ಟೆಯಿಂದ ಒರೆಸಬೇಕು. ಹೊಳಪಿಗೆಂದು ಗಿರಾಕಿ ಸಿಲಿಕೋನ್ ಪಾಲಿಶ್ ಹಚ್ಚಿದ್ದರೆ ಎರಡು ಬಾರಿ ಒರೆಸುವುದೇ ಲೇಸು. ರಸ್ತೆಯಂಚಿನ ಮಳಿಗೆಗಳಲ್ಲಿ ಧೂಳೇ ದೊಡ್ಡ ಶತ್ರು. ಸೆಕೆಯಾದರೂ ಫ್ಯಾನ್ ನಿಲ್ಲಿಸಿ ಕೆಲಸ ಮಾಡುವುದು ಅನುಭವಿಗಳ ರೂಢಿ.

ಅಂಟಿಸುವ ಮುನ್ನ ಹಿಂಬದಿಯ ಕಾಗದ ತೆಗೆಯದೆಯೇ ಸ್ಟಿಕ್ಕರನ್ನು ಇಟ್ಟು, ಬೋಲ್ಟ್ ರಂಧ್ರಗಳಿಗೆ ಹೊಂದಿಸಿ, ಮಾಸ್ಕಿಂಗ್ ಟೇಪಿನಿಂದ ಗುರುತು ಹಾಕತಕ್ಕದ್ದು. ಹೇರ್ ಡ್ರೈಯರ್ ಅಥವಾ ಹೀಟ್ ಗನ್‌ನಿಂದ ಫಲಕವನ್ನು ಹದವಾಗಿ ಬೆಚ್ಚಗಾಗಿಸಿ, ಕಾಗದವನ್ನು ಒಂದೇ ಬಾರಿಗೆ ಸುಲಿಯದೆ ಅಂಗುಲ ಅಂಗುಲವಾಗಿ ಬಿಡಿಸುತ್ತ, ಬಟ್ಟೆ ಸುತ್ತಿದ ಸ್ಕ್ವೀಜಿಯಿಂದ ನಡುವಿನಿಂದ ಅಂಚಿಗೆ ಒತ್ತಬೇಕು. ಪ್ರತಿ ಒತ್ತು ಹಿಂದಿನದರ ಮೇಲೆ ಸ್ವಲ್ಪ ಹಾಯಬೇಕು. ತಿರುವಿನಲ್ಲಿ ಹಾಳೆಯನ್ನು ಎಳೆದು ಕೂರಿಸುವುದು ಕೂಡದು. ಎಳೆದ ಹಾಳೆ ಬಿಸಿಲಿಗೆ ತನ್ನ ಮೂಲ ಅಳತೆಗೆ ಮರಳಲು ಹವಣಿಸಿ ಅಂಚು ಬಿಡುತ್ತದೆ. ಹೊಸಬರು ಕೆಲವು ಹನಿ ಸೋಪು ಬೆರೆಸಿದ ನೀರು ಸಿಂಪಡಿಸಿ ಅಂಟಿಸಬಹುದು. ಆಗ ಸ್ಟಿಕ್ಕರನ್ನು ಜರುಗಿಸಲು ಅವಕಾಶವಿರುತ್ತದೆ. ಆದರೆ ಗಾಳಿ ಹೊರಹೋಗಲು ಅಂಟಿನಲ್ಲೇ ಸೂಕ್ಷ್ಮ ಕಾಲುವೆಗಳಿರುವ ಹಾಳೆಗೆ ನೀರು ಬಳಸಬಾರದು. ಆ ಕಾಲುವೆಗಳಲ್ಲಿ ನೀರೇ ನಿಂತುಬಿಡುತ್ತದೆ. ಉಳಿದ ಸಣ್ಣ ಗುಳ್ಳೆಯನ್ನು ಅದರ ಅಂಚಿನಲ್ಲಿ ಸೂಜಿಯಿಂದ ಚುಚ್ಚಿ ಒತ್ತಿದರೆ ಸಾಕು; ಬ್ಲೇಡಿನಿಂದ ಸೀಳಿದರೆ ಗಾಯ ಹಿಗ್ಗುತ್ತದೆ.

ಇನ್ನು ವಿವಾದದ ಸ್ಥಳ ಇಂಧನ ಟ್ಯಾಂಕು. ರಸ್ತೆ ಬೈಕುಗಳ ಟ್ಯಾಂಕು ಬಹುಮಟ್ಟಿಗೆ ಉಕ್ಕಿನದು. ಸ್ಪರ್ಧೆಯ ಬೈಕುಗಳಲ್ಲಿ ಪಾಲಿಥಿಲೀನ್ ಟ್ಯಾಂಕು ಸಾಮಾನ್ಯ. ಅದರ ಗೋಡೆಯ ಮೂಲಕ ಪೆಟ್ರೋಲಿನ ಆವಿ ನಿಧಾನವಾಗಿ ಹೊರಸೂಸಿ ಸ್ಟಿಕ್ಕರಿನಡಿ ಸೇರುತ್ತದೆ. ಇಂದು ನುಣುಪಾಗಿ ಕುಳಿತದ್ದು ಕೆಲವೇ ದಿನಗಳಲ್ಲಿ ಉಬ್ಬಿಕೊಳ್ಳುವುದು ಈ ಕಾರಣದಿಂದ. ಗಿರಾಕಿ ಅದನ್ನು ಕಳಪೆ ಕೆಲಸವೆನ್ನುತ್ತಾನೆ, ಅಂಗಡಿಯವರು ಸಂಕೋಚದಿಂದ ಉಚಿತವಾಗಿ ಬದಲಿಸಿಕೊಡುತ್ತಾರೆ, ಅದೂ ಉಬ್ಬುತ್ತದೆ. ಸಣ್ಣ ರಂಧ್ರಗಳುಳ್ಳ ಹಾಳೆ ಆವಿಗೆ ದಾರಿಕೊಡುತ್ತದೆ. ಟ್ಯಾಂಕನ್ನು ಬರಿದುಮಾಡಿ, ಮುಚ್ಚಳ ತೆರೆದು, ಕಿಡಿ ಮತ್ತು ಬೆಂಕಿಯಿಂದ ದೂರ, ಗಾಳಿಯಾಡುವಲ್ಲಿ ಇರಿಸಿದ ನಂತರ ಅಂಟಿಸಿದರೆ ಉಬ್ಬುವಿಕೆ ತಗ್ಗುತ್ತದೆ; ಪೂರ್ತಿ ನಿಲ್ಲುವುದೆಂಬ ಭರವಸೆ ಕೊಡಲಾಗದು. ಪೆಟ್ರೋಲ್ ಇರುವ ಅಥವಾ ಆವಿ ಉಳಿದಿರುವ ಟ್ಯಾಂಕಿನ ಬಳಿ ಹೀಟ್ ಗನ್ ಒಯ್ಯುವುದು ಅಪಾಯಕಾರಿ ಎಂಬುದನ್ನು ಕೆಲಸದ ಹುಡುಗರಿಗೆ ಬಿಡಿಸಿ ಹೇಳಬೇಕು.

ಕತ್ತರಿಸುವಾಗ ಉಳಿಯುವ ತುಂಡುಗಳು ಸಾಮಾನ್ಯ ನಷ್ಟ. ಅವು ದರದಲ್ಲೇ ಸೇರಿರಬೇಕು. ಕಿತ್ತು ಮರುಅಂಟಿಸಿದ ಸೆಟ್ ಅಸಾಮಾನ್ಯ ನಷ್ಟ. ಅದಕ್ಕೆ ಪ್ರತ್ಯೇಕ ಖಾತೆ ಬೇಕು. ಎರಡನ್ನೂ ಖರೀದಿ ಖಾತೆಯಲ್ಲೇ ಮುಳುಗಿಸುವ ಅಂಗಡಿಗೆ ತನ್ನ ಹಣ ಎಲ್ಲಿ ಸೋರಿತೆಂಬುದು ವರ್ಷಾಂತ್ಯದಲ್ಲೂ ತಿಳಿಯದು. ಕೆಲಸದ ಚೀಟಿಯಲ್ಲಿ ಟ್ಯಾಂಕು ಉಕ್ಕಿನದೋ ಪ್ಲಾಸ್ಟಿಕ್ಕಿನದೋ ಎಂದು ನಮೂದಿಸಿ, ಪ್ಲಾಸ್ಟಿಕ್ಕಿನದಾದರೆ ಆವಿಯಿಂದಾಗುವ ಗುಳ್ಳೆಗೆ ಖಾತರಿಯಿಲ್ಲವೆಂದು ಬರೆದು, ಕೆಲಸ ಆರಂಭಿಸುವ ಮೊದಲೇ ಗಿರಾಕಿಯ ಸಹಿ ಪಡೆಯುವುದು ಸೂಕ್ತ. ಕನಿಷ್ಠ ಒಂದು ದಿನ ಬೈಕನ್ನು ತೊಳೆಯಬಾರದೆಂಬ ಸೂಚನೆಯೂ ಅದೇ ಚೀಟಿಯಲ್ಲಿರಲಿ.